ಒತ್ತಿದ್ದು ಬಂತು, ಬಿಟ್ಟದ್ದು ಬರಲಿಲ್ಲ

ಮೌಸಿನ ಬಟನ್ ಒತ್ತಿದರೆ ಏನಾಗಬೇಕೆಂದು ಕಂಪ್ಯೂಟರಿಗೆ ಹೇಳಿಕೊಡುವುದು ನನ್ನ ಉದ್ಯೋಗ. ಏನೂ ಆಗದಿರುವುದು ನಿತ್ಯದ ಅನುಭವ. ನುಂಗಂಬಾಕ್ಕಂನ ನಮ್ಮ ಆಫೀಸಿನಲ್ಲಿ ಇಂಥದ್ದು ನಡೆಯದ ವಾರವಿಲ್ಲ, ಆದರೆ ನಗುವುದಕ್ಕೆ ಈಚೆಗೆ ಯಾರಿಗೂ ಧೈರ್ಯವಿರಲಿಲ್ಲ. ಒಂದು ಫೈನಾನ್ಸ್ ಕಂಪನಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಅವರು ಈ ಸಲವೂ ಒಪ್ಪದಿದ್ದರೆ ನಮ್ಮ ಗುಂಪನ್ನೇ ಮುಚ್ಚುವುದಾಗಿ ಮೇಲಿನಿಂದ ಮಾತು ಬಂದಿತ್ತು. ಐವತ್ತು ದಾಟಿದ ನನಗೆ ಇನ್ನೊಂದು ಕಡೆ ಕುರ್ಚಿ ಯಾರು ಕೊಡುತ್ತಾರೆ? ನಿಜ ಹೇಳಬೇಕೆಂದರೆ, ಹೆದರಿದ್ದೆ.

ನುಂಗುವ ಪುಟ

ತಾಂಬರಂನ ಮನೆಯಲ್ಲಿ ಊಟಕ್ಕೆ ಕೂತಾಗ, ಮುಖ ಯಾಕೆ ಹೀಗಿದೆ ಅಂತ ಹೆಂಡತಿ ಕೇಳಿದಳು. ಬಿಡಿಸಿ ಹೇಳಿದೆ. ನಮ್ಮ ಪ್ರೋಗ್ರಾಮಿನ ವಿಂಡೋ ಒಳಗೆ ಒಂದು ವೆಬ್ ಪುಟ ಕೂತಿರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಆ ಪುಟವೇ ಕ್ಲಿಕ್ಕನ್ನು ನುಂಗಿಬಿಡುತ್ತದೆ, ಹೊರಗಿರುವ ಪ್ರೋಗ್ರಾಮಿಗೆ ಸುದ್ದಿಯೇ ಮುಟ್ಟುವುದಿಲ್ಲ, ನಾನು ನಡುವೆ ನಿಂತು ಹಿಡಿಯಬೇಕು ಅಂದೆ.

ಅವಳು ಸಾರು ಬಡಿಸುತ್ತಾ, "ಇದರಲ್ಲಿ ಹೊಸದೇನಿದೆ? ನಾನ್ ಹೇಳಿದ್ದನ್ನೆಲ್ಲ ನಿಮ್ಮ ಕೈಲಿರೋ ಫೋನು ನುಂಗ್ತಿಲ್ವಾ?" ಅಂದಳು. ಮಗಳು ತಮಿಳಿನಲ್ಲಿ ಅಮ್ಮನ ಪಕ್ಷ ವಹಿಸಿದಳು. ನಾನು ಫೋನ್ ಕೆಳಗಿಟ್ಟೆ.

ಗಂಧ

ಆಯುಧಪೂಜೆಯ ರಜೆ ಮುಗಿಸಿ ಬಂದರೆ ಹೊಸ ಪೀಡೆ. ಬಟನ್ ಒತ್ತಿದ ಸುದ್ದಿ ಬರುತ್ತದೆ, ಬಿಟ್ಟ ಸುದ್ದಿ ಬರುವುದಿಲ್ಲ. ಪ್ರೋಗ್ರಾಮಿನ ಲೆಕ್ಕದಲ್ಲಿ ನಾನು ಬೆಳಗಿನಿಂದ ಬಟನ್ ಅದುಮಿಕೊಂಡೇ ಕೂತಿದ್ದೆ. ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಬರೆದೆ. ಕೊನೆಗೆ ಮೌಸನ್ನೇ ಎತ್ತಿ ನೋಡಿದೆ. ಬಟನ್ನಿನ ಸಂದಿಯಲ್ಲಿ ಪೂಜೆಯ ಗಂಧ ಒಣಗಿ ಗಟ್ಟಿಯಾಗಿತ್ತು, ಒತ್ತಿದ ಬಟನ್ ಮೇಲೇಳುತ್ತಲೇ ಇರಲಿಲ್ಲ.

ಎಲ್ಲರ ಮೌಸಿಗೂ ಗಂಧ ಹಚ್ಚಿದವಳು ಪಕ್ಕದ ಸೀಟಿನವಳು. ಬೇರೆ ಯಾರದ್ದಕ್ಕೂ ಹೀಗಾಗಿಲ್ಲವಲ್ಲ ಅಂತ ಕೇಳಿದೆ. "ನಿಮ್ಮ ಕೆಲಸಕ್ಕೇ ತಾನೆ ಸರ್ ಕಂಟಕ ಇರೋದು? ಅದಕ್ಕೇ ನಿಮಗೆ ಸ್ವಲ್ಪ ಜಾಸ್ತಿ ಹಚ್ಚಿದೆ" ಅಂದಳು.

ಒಪ್ಪಿಗೆ

ಪರೀಕ್ಷೆಯ ದಿನ ನಮ್ಮ ಮ್ಯಾನೇಜರ್ ಮೇಡಂ ಜೊತೆ ಆ ಫೈನಾನ್ಸ್ ಕಂಪನಿಗೆ ಹೋದೆ. ಗ್ರಾಹಕರ ವಿವರವನ್ನು ಯಾರೂ ಕದಿಯಬಾರದು, ಹಾಗಾಗಿ ಕಾಪಿ ಮಾಡಲು ಬಳಸುವ ಮೌಸಿನ ಬಲಗಡೆ ಬಟನ್ ಕೆಲಸ ಮಾಡಕೂಡದು ಎಂಬುದು ಅವರ ಷರತ್ತು. ಆ ಬಟನ್ನಿನ ಕ್ಲಿಕ್ ಪುಟವನ್ನು ಮುಟ್ಟುವ ಮೊದಲೇ ನಾನು ತಡೆದಿದ್ದೆ.

ಸಹಿ ಹಾಕಬೇಕಾದ ಅಧಿಕಾರಿ ಬಂದು ಕೂತು, ಮೌಸನ್ನು ಕೀಬೋರ್ಡಿನ ಎಡಕ್ಕೆ ಎಳೆದುಕೊಂಡರು. ಅವರು ಎಡಚರು. ಎರಡು ಬಟನ್‌ಗಳನ್ನೂ ಅದಲುಬದಲು ಮಾಡಿಕೊಂಡು, ನಾವು ಎಡಗಡೆ ಒತ್ತುವುದನ್ನೆಲ್ಲ ಬಲಗಡೆ ಒತ್ತುವವರು. ಇಂಥವರೂ ಇರುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

ಅವರು ಒತ್ತಿದರು. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದರು. ಪುಟ ಜಪ್ಪಯ್ಯ ಅನ್ನಲಿಲ್ಲ. ಮೇಡಂ ನೆಲ ನೋಡುತ್ತಿದ್ದರು. ನನಗೆ ಮನೆ, ಮಗಳ ಕಾಲೇಜು ಎಲ್ಲ ಕಣ್ಣಮುಂದೆ ಬಂತು.

ಅಧಿಕಾರಿ ಕುರ್ಚಿಗೆ ಒರಗಿದರು. "ನನಗೇ ಒಳಗೆ ಹೋಗೋಕಾಗ್ತಿಲ್ಲ, ಇನ್ನು ಕಳ್ಳ ಎಲ್ಲಿಂದ ಹೋಗ್ತಾನೆ? ತುಂಬಾ ಸೇಫ್ ಆಗಿದೆ" ಅಂದವರೇ ಸಹಿ ಹಾಕಿಬಿಟ್ಟರು.

ಮೆಟ್ಟಿಲಿಳಿಯುವಾಗ ಮೇಡಂಗೆ ಕಾರಣ ಹೇಳಿ, ಇವತ್ತೇ ಸರಿಮಾಡುತ್ತೇನೆ ಅಂದೆ. ಅವರು ಅಲ್ಲೇ ನಿಂತುಬಿಟ್ಟರು.

"ದಯವಿಟ್ಟು ಬೇಡ ಸರ್. ಸರಿಮಾಡಿದ್ರೆ ಒಳಗೆ ಏನಿದೆ ಅಂತ ನೋಡ್ತಾರೆ. ನೋಡಿದ್ರೆ ನಾವೆಲ್ಲ ಮನೆಗೆ."