ಎಗೊನ್‌ನ ಹತ್ತು ಲೀಟರ್

ಎಲ್ಲ ಆದದ್ದು ಒಂದು ಮರದ ಹಲಗೆಯಿಂದ. ಅದು ಯಾರ ಬಾಗಿಲಲ್ಲಿ ತೂಗುತ್ತದೋ, ಆ ವಾರ ಬೀದಿಗೆ ಉದುರಿದ ಎಲೆ ಗುಡಿಸುವ ಸರದಿ ಅವರದು. ಆ ಶನಿವಾರ ಅದು ಇಳಿಜಾರು ಬೀದಿಯ ಕೆಳತುದಿಯಲ್ಲಿ, ಮೆಕ್ಯಾನಿಕ್ ಎಗೊನ್‌ನ ಗ್ಯಾರೇಜಿನ ಬಾಗಿಲಲ್ಲಿ ತೂಗುತ್ತಿತ್ತು.

ಎಗೊನ್‌ಗೆ ಪೊರಕೆಯ ನೆನಪೇ ಇರಲಿಲ್ಲ. ಒಳಗಿದ್ದದ್ದು ಐವತ್ತು ವರ್ಷ ಹಿಂದಿನ ರೇಸ್ ಕಾರು. ಹನ್ನೆರಡು ಸಿಲಿಂಡರ್, ಎರಡು ಟರ್ಬೊ, ಸಾವಿರದ ನೂರು ಕುದುರೆಗಳ ಬಲ. ಮೂವತ್ತು ವರ್ಷ ಅದನ್ನು ಕೂಸಿನ ಹಾಗೆ ಒರೆಸಿದ್ದ; ಒಂದು ಸಲವೂ ಓಡಿಸಿರಲಿಲ್ಲ. ಮೂರು ಗಂಟೆಗೆ ಲಾರಿ ಬಂದು ಅದನ್ನು ಮ್ಯೂಸಿಯಮ್ಮಿಗೆ ಒಯ್ಯುವುದಿತ್ತು.

ಕಾರಿನ ಮಾಲೀಕ ಕರುಣೆ ತೋರಿದ್ದ. "ಹತ್ತು ಲೀಟರ್ ಪೆಟ್ರೋಲ್ ಹಾಕಿದೀನಿ. ಮೇಲಿನ ಚರ್ಚ್ ತನಕ ಹೋಗ್ಬಾ. ಆಮೇಲೆ ಈ ಜನ್ಮದಲ್ಲಿ ಇಲ್ಲ."

ಕಾರನ್ನು ಹೊರಗೆ ತಳ್ಳಿ ಕೂತದ್ದೇ ತಡ, ಪಕ್ಕದ ಮನೆಯ ಮೌಟೆಯಮ್ಮ ಪೊರಕೆ ಹಿಡಿದು ಎದುರು ನಿಂತಳು.

"ಗುಡಿಸ್ದೆ ಎಲ್ಲಿಗಯ್ಯಾ ಸವಾರಿ?"

"ಬಂದು ಗುಡಿಸ್ತೀನಮ್ಮಾ."

"ನಿಮ್ಮಪ್ಪಾನೂ ಹಿಂಗೇ ಅಂತಿದ್ದ."

"ಎಂಜಿನ್ನಾದ್ರೂ ಬಿಸಿ ಮಾಡ್ಕೊಳ್ಲಾ?"

"ಮಾಡ್ಕೋ. ಗಾಡಿ ಮಾತ್ರ ಅಲ್ಲಾಡ್‌ಬಾರ್ದು."

ಎಗೊನ್ ಚಾಲೂ ಮಾಡಿದ. ಮೊದಲು ಒಂದು ಕೆಮ್ಮು. ಆಮೇಲೆ ನೆಲದೊಳಗಿಂದ ಯಾರೋ ಎದ್ದು ಬಂದಂತೆ ಒಂದು ಗರ್ಜನೆ. ಕಿಟಕಿಗಳು ನಡುಗಿದವು. ಸದ್ದು ಕಿವಿಯಿಂದಲ್ಲ, ಅಂಗಾಲಿನಿಂದ ಹತ್ತಿ ಎದೆಗೆ ಬಂತು. ಮೌಟೆಯಮ್ಮ ತನಗರಿವಿಲ್ಲದೆ ಕೈ ಮುಗಿದಿದ್ದಳು.

ಹೊಗೆ ಸರಿದಾಗ ಕಾರಿನ ಹಿಂದೆ ಒಂದೇ ಒಂದು ಎಲೆ ಉಳಿದಿರಲಿಲ್ಲ; ಹೊಗೆಕೊಳವೆಯ ರಭಸಕ್ಕೆ ಎಲ್ಲ ಹಾರಿಹೋಗಿದ್ದವು!

"ಅಯ್ಯೋ, ನೆಕ್ಕಿದ ಹಾಗಿದೆಯಲ್ಲೋ!" ಎಂದ ಬೇಕರಿಯ ಕ್ನೋಬೆಲ್. "ನಮ್ಮನೆ ಮುಂದೂ ಒಂದ್ಸಲ ತೋರ್ಸಪ್ಪಾ!"

"ಮೊದ್ಲು ನನ್ನಂಗಳ!" ಎಂದಳು ಮೌಟೆಯಮ್ಮ. "ಆಮೇಲೆ ಚರ್ಚಿಗಾದ್ರೂ ಹೋಗು, ಚಂದ್ರಲೋಕಕ್ಕಾದ್ರೂ ಹೋಗು."

ಪೆಟ್ರೋಲ್ ಚರ್ಚಿನ ಸವಾರಿಗೆ ಉಳಿಯಲೆಂದು ಬೀದಿಯವರೆಲ್ಲ ಸೇರಿ ಕಾರನ್ನು ಮನೆಯಿಂದ ಮನೆಗೆ ಮೇಲಕ್ಕೆ ತಳ್ಳಿದರು. ಪ್ರತಿ ಬಾಗಿಲಲ್ಲೂ ಒಂದು ಗರ್ಜನೆ, ಎಲೆಗಳ ಒಂದು ಬಿರುಗಾಳಿ, ದೇವಸನ್ನಿಧಿಯಲ್ಲಿ ನಿಂತಂಥ ಮೌನ. ಆಮೇಲೆ, "ಇನ್ನೊಂದ್ಸಲ, ಎಗೊನ್!" ಅಷ್ಟು ಅಕ್ಕರೆಯಿಂದ ಕೇಳಿದರೆ ಯಾವ ಮೆಕ್ಯಾನಿಕ್ ತಾನೇ ಇಲ್ಲವೆಂದಾನು?

ಮೂರಕ್ಕೆ ಹತ್ತು ನಿಮಿಷ. ಕೊನೆಯ ಅಂಗಳವೂ ಮುಗಿಯಿತು. ಎಗೊನ್ ಉಸಿರು ಬಿಗಿಹಿಡಿದು ಗೇರ್ ಹಾಕಿದ.

ಟುಸ್.

ಸಾವಿರದ ನೂರು ಕುದುರೆಗಳೂ ಹತ್ತು ಲೀಟರನ್ನು ಕುಡಿದು ಮಲಗಿದ್ದವು. ಲಾರಿ ಬಂತು, ಕಾರನ್ನು ಹೊತ್ತುಕೊಂಡು ಹೋಯಿತು.

ಎಗೊನ್ ಕಾಲೆಳೆಯುತ್ತ ಕೆಳಗೆ ಬಂದ. ಗ್ಯಾರೇಜೇ ಕಾಣಲಿಲ್ಲ! ಇಡೀ ಬೀದಿಯ ಎಲೆ ಹಾರಿ ಬಂದು ಬಾಗಿಲೆತ್ತರ ಗುಡ್ಡೆಬಿದ್ದಿತ್ತು. ಆ ಗುಡ್ಡೆಯ ಮೇಲಿಂದ ಮರದ ಹಲಗೆ ಮಾತ್ರ ಇಣುಕುತ್ತಿತ್ತು.

ಮೌಟೆಯಮ್ಮನ ಕಣ್ಣು ಇನ್ನೂ ಒದ್ದೆಯಾಗಿತ್ತು. "ಎಂಥಾ ಗಾಡಿ ಕಣೋ! ಪುಣ್ಯವಂತ ನೀನು," ಎಂದು ಪೊರಕೆಯನ್ನು ಅವನ ಕೈಗಿಟ್ಟಳು. "ಕತ್ತಲಾಗೋದ್ರೊಳಗೆ ಮುಗಿಸ್ಬಿಡು."