ಹಾಯಿದೋಣಿಯ ಹಗ್ಗಗಳನ್ನು ತಾವು ಮರ್ಯಾದೆಯಿಂದ ಇಟ್ಟುಕೊಂಡ ಬಗ್ಗೆ

ಕುಂದಾಣ, ದೇವನಹಳ್ಳಿ ತಾಲ್ಲೂಕು
ಕಾರ್ತಿಕ ಕಳೆದ ಮೊದಲ ಸೋಮವಾರ

ಮಾನ್ಯರೇ,

ಮೂವತ್ತು ವರ್ಷ ಹಡಗು ನಡೆಸಿ, ಒಂದನ್ನೂ ಮುಳುಗಿಸದೆ, ಈಗ ಮಂಗಳೂರಿನ ಹೊಳೆದಂಡೆಯಲ್ಲಿ ವಿಶ್ರಾಂತಿ ಪಡೆಯುತ್ತಿರುವ ಕ್ಯಾಪ್ಟನ್ ಸಲ್ಡಾನಾ ಅವರ ಸನ್ನಿಧಾನಕ್ಕೆ, ಸಮುದ್ರವನ್ನು ಇದುವರೆಗೆ ಒಂದೇ ಸಲ, ಅದೂ ತಮ್ಮ ಮನೆಯ ಕಿಟಕಿಯಿಂದ, ಕಂಡ ವೆಂಕಟರಾಯಪ್ಪನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ದೋಣಿಯೂ ಕ್ಷೇಮ. ಮೇವು ಕೇಳುವುದಿಲ್ಲ, ನೀರು ಕೇಳುವುದಿಲ್ಲ, ಕೆರೆಯ ಜೊಂಡಿನಲ್ಲಿ ಮೂತಿಯಿಟ್ಟು ಸುಮ್ಮನೆ ನಿಂತಿದೆ. ದೂರು ಆ ಬಗ್ಗೆಯೇ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ತಾವು ಊಟ ಮುಗಿಸಿ ಓದಬೇಕಾಗಿ ಕೋರಿಕೆ.

ಭಾದ್ರಪದದಲ್ಲಿ ತಮ್ಮಲ್ಲಿಗೆ ಇಬ್ಬರು ಬಂದಿದ್ದೆವು. ತಲೆಗೆ ಟವೆಲ್ ಸುತ್ತಿಕೊಂಡು ದೋಣಿಯ ಹೊಟ್ಟೆ ತಟ್ಟಿ ನೋಡಿದವನು ನಾನು. ಅದನ್ನು ಕಂಡು ನಾಚಿಕೊಂಡು ದೂರ ನಿಂತವನು ನನ್ನ ತಮ್ಮ ಬೈರಣ್ಣ. ದೋಣಿ ಅವನದು. ಬಯಲುಸೀಮೆಯವನಿಗೆ ಇದೇನು ಹುಚ್ಚು ಎಂದು ತಾವು ಕೇಳಲಿಲ್ಲ, ಅದು ತಮ್ಮ ದೊಡ್ಡತನ. ಕೇಳದಿದ್ದರೂ ಹೇಳುತ್ತೇನೆ. ರಾಗಿ ತೂರುವುದರಲ್ಲಿ ನಮ್ಮ ಸುತ್ತಿನಲ್ಲಿ ಬೈರಣ್ಣನನ್ನು ಮೀರಿಸಿದವರಿರಲಿಲ್ಲ. ಮುಕ್ಕಾಲಿಯ ಮೇಲೆ ಮೊರ ಹಿಡಿದು ನಿಂತನೆಂದರೆ, ಗಾಳಿ ಯಾವ ಮೂಲೆಯಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೊದಲೇ ಹೇಳಿ, ಹೊಟ್ಟನ್ನು ಒಂದು ಕಡೆಗೂ ಕಾಳನ್ನು ಒಂದು ಕಡೆಗೂ ಕಳಿಸುತ್ತಿದ್ದ. ಊರಿನವರು ಗಾಳಿ ಬಿದ್ದಾಗಲೆಲ್ಲ ಅವನನ್ನು ಕರೆಸಿಕೊಳ್ಳುತ್ತಿದ್ದರು. ಆಮೇಲೆ ಯಂತ್ರ ಬಂತು. ನಾವು ಕಣ ಮಾಡುತ್ತಿದ್ದ ಆಚೆಯ ಹೊಲದ ಮೇಲೆ ವಿಮಾನ ಇಳಿಯತೊಡಗಿತು. ಬೈರಣ್ಣನನ್ನು ಗಾಳಿಯ ವಿಷಯ ಕೇಳುವವರೇ ಇಲ್ಲವಾದರು. ವಿಮಾನ ಹತ್ತಿ ಒಂದು ಸಲ ತಿರುಪತಿಗಾದರೂ ಹೋಗಿ ಬಾರೋ ಎಂದರೆ, "ಅದು ಗಾಳೀನ ಸೀಳ್ಕೊಂಡು ಹೋಯ್ತದೆ ಕಣಣ್ಣ. ಗಾಳೀನ ಕೇಳ್ಕೊಂಡು ಹೋಗೋದು ಯಾವ್ದಾದ್ರೂ ಇದ್ರೆ ಹೇಳು, ಹತ್ತೀನಿ" ಎನ್ನುತ್ತಿದ್ದ. ಅವನ ಮಗಳು ಬಿಂದುಶ್ರೀ ಮೊಬೈಲಿನಲ್ಲಿ ತಮ್ಮ ಜಾಹೀರಾತು ತೋರಿಸಿದ್ದೇ ತಡ, ನಾಲ್ಕು ತಿಂಗಳು ಅವನು ಹಾಯಿ ಕಟ್ಟುವ ವಿಡಿಯೊ ನೋಡಿದ್ದೇ ನೋಡಿದ್ದು. ಎತ್ತಿನಗಾಡಿಯ ಮೂಕಿಗೆ ಕಂಬ ಕಟ್ಟಿ, ಹೆಂಡತಿ ಅಮ್ಮಯಮ್ಮನ ಸೀರೆ ಏರಿಸಿ ಇಳಿಸಿ ಅಭ್ಯಾಸವನ್ನೂ ಮಾಡಿದ. ಆಕೆ ಒಂದು ದಿನ ತಡೆಯಲಾರದೆ, "ಹಳೇ ಸೀರೆ ತಗೊಳ್ಳಿ ಅಂದ್ರೆ ಮದ್ವೆ ಸೀರೆಗೇ ಗಾಳಿ ಚೆನ್ನಾಗ್ ಹಿಡೀತದೆ ಅಂತಾರಲ್ಲ ಬಾವಾ" ಎಂದು ನನ್ನಲ್ಲಿ ದೂರಿಕೊಂಡಳು.

ಇಷ್ಟು ಕಲಿತವನನ್ನು ಒಬ್ಬನನ್ನೇ ಕಳಿಸದೆ, ಮನೆಗೆ ಹಿರಿಯನೆಂದು ನಾನು ಜೊತೆಗೆ ಹೊರಟದ್ದೇ ಮೊದಲ ತಪ್ಪು. ಘಾಟಿಯ ದನಗಳ ಜಾತ್ರೆಯಲ್ಲಿ ನಲವತ್ತು ವರ್ಷ ಎತ್ತು ಆರಿಸಿದ ಕಣ್ಣು ನನ್ನದು. ತಮ್ಮ ದೋಣಿಯ ಬೆನ್ನು ಸವರಿದೆ, ಬಗ್ಗಿ ಹೊಟ್ಟೆಯಡಿ ನೋಡಿದೆ, ಎಲ್ಲಿಯೂ ಕೆಟ್ಟ ಸುಳಿಯಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಹಾಯುವ ಗುಣ ಇದೆಯೇ ಎಂದು ಕೇಳಿದಾಗ ತಾವು ನಗದೆ, "ಹಾಯುವ ಗುಣ ಇಲ್ಲ ಮಾರಾಯ್ರೆ. ಗಾಳಿ ಜಾಸ್ತಿಯಾದ್ರೆ ಒಂದು ಬದಿಗೆ ವಾಲ್ತಾಳೆ, ಅಷ್ಟೆ" ಎಂದು ಉತ್ತರಿಸಿದಿರಿ. ಇವಳು ಓಟಕ್ಕೂ ಆಗುತ್ತಾಳೆ, ಒಳಗೆ ಒಲೆ ಹಾಸಿಗೆ ಇಟ್ಟುಕೊಂಡು ಸಂಸಾರ ಮಾಡುವುದಕ್ಕೂ ಆಗುತ್ತಾಳೆ ಎಂದಿರಿ. ಓಡುವ ಎತ್ತನ್ನು ಕಂಡಿದ್ದೇನೆ, ಕರೆಯುವ ಹಸುವನ್ನು ಕಂಡಿದ್ದೇನೆ. ಎರಡೂ ಒಂದೇ ಮೈಯಲ್ಲಿ ಇರುವುದನ್ನು ನನ್ನ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ತಮ್ಮ ಅಂಗಳದಲ್ಲೇ ಕಂಡದ್ದು.

ಇನ್ನು ಹಗ್ಗದ ವಿಷಯ. ನಮ್ಮ ಮನೆತನದಲ್ಲಿ ದನ ಕೊಂಡರೆ ಹಳೆಯ ಹಗ್ಗವನ್ನು ಮಾರಿದವರ ಕೈಗೇ ಬಿಚ್ಚಿಕೊಟ್ಟು, ನಾವು ಒಯ್ದ ಹೊಸ ಹಗ್ಗ ಹಾಕಿ ಹೊಡೆದುಕೊಂಡು ಬರುವುದು ಪದ್ಧತಿ. ಹಗ್ಗವೂ ಹೋದರೆ ಆ ಮನೆಯ ಲಕ್ಷ್ಮಿ ಅದರ ಹಿಂದೆಯೇ ಹೊರಟುಬಿಡುತ್ತಾಳೆ. ಬೈರಣ್ಣ ಲಾರಿ ಗೊತ್ತುಮಾಡಲು ಪೇಟೆಗೆ ಹೋಗಿದ್ದ ಹೊತ್ತು. ನಾನು ಚೀಲದಿಂದ ವಿಜಯಪುರದ ಸಂತೆಯ ಹೊಸ ಹಗ್ಗ ತೆಗೆದು, "ನಿಮ್ಮ ಹಗ್ಗ ನಿಮ್ಗೇ ಇರ್ಲಿ ಸ್ವಾಮಿ, ನಮ್ದು ನಾವು ತಂದಿದೀವಿ" ಎಂದೆ. ತಾವು ಒಂದು ಗಳಿಗೆ ನನ್ನನ್ನೇ ನೋಡಿ, "ಎಲ್ಲಾ ಹಗ್ಗವಾ?" ಎಂದಿರಿ. ಲಕ್ಷ್ಮಿಯ ವಿಷಯವನ್ನು ವಿವರಿಸಿ, ಒಂದೆಳೆಯೂ ಬೇಡವೆಂದೆ. ಆಗ ತಾವು ಇಬ್ಬರು ಆಳುಗಳನ್ನು ಕರೆಸಿ, ಕಂಬದ ತುದಿಯಿಂದ ಹಿಡಿದು ಹತ್ತೊಂಬತ್ತು ಹಗ್ಗಗಳನ್ನು ಬಿಚ್ಚಿಸಿ, ಸುತ್ತಿ, ಒಳಗೆ ಇಡಿಸಿದಿರಿ. ಅಷ್ಟು ಹೊತ್ತೂ ನಾನು ತಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ, ಎಂಥ ಸಂಸ್ಕಾರವಂತರಪ್ಪ ಎಂದು ಕಣ್ಣು ತುಂಬಿಕೊಂಡೆ. ಅರ್ಧ ದಿನದ ಆ ಕೆಲಸದಲ್ಲಿ ಒಂದೇ ಒಂದು ಸಲ ತಾವು ನನ್ನ ಪದ್ಧತಿಗೆ ಅಗೌರವ ತೋರಿಸಿದ್ದರೆ, ಎಲೈ ಮುದುಕನೇ, ಹಗ್ಗವಿಲ್ಲದೆ ಹಾಯಿಯನ್ನು ಏರಿಸುವುದು ಹೇಗೆ ಎಂದು ಗದರಿದ್ದರೆ, ನಾನು ಈ ಕಾಗದ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ತಮ್ಮ ಅತಿಯಾದ ಸೌಜನ್ಯದ ವಿರುದ್ಧವೇ ನನ್ನ ಈ ದೂರು.

ದೀಪಾವಳಿಯ ಮಾರನೆಯ ಸೋಮವಾರ, ಅಮ್ಮಯಮ್ಮ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿದ ಮೇಲೆ, ಹೆದ್ದಾರಿ ಕೆಲಸದ ಕ್ರೇನಿನವನು ಅದನ್ನು ನಮ್ಮ ತುಂಬಿದ ಕೆರೆಗೆ ಇಳಿಸಿಕೊಟ್ಟ. ಬೈರಣ್ಣ ಲಾರಿ ತರುವ ಮೊದಲೇ ತಮ್ಮ ಆಳುಗಳು ಕಟ್ಟಿಟ್ಟಿದ್ದ, ಮುಹೂರ್ತಕ್ಕೆಂದು ಅಂದಿನವರೆಗೂ ಬಿಚ್ಚದಿದ್ದ ಗಂಟನ್ನು ಬಿಚ್ಚಿದಾಗ ಹಾಯಿ ಇತ್ತು, ಎಳೆಯುವುದಕ್ಕೆ ಏನೂ ಇರಲಿಲ್ಲ. ಬೈರಣ್ಣ ಮನೆಗೆ ಓಡಿದ. ಬಾವಿಯ ಹಗ್ಗ, ಹಸುವಿನ ಹಗ್ಗ, ನನ್ನ ಆ ಸಂತೆಯ ಹಗ್ಗ ಎಲ್ಲವನ್ನೂ ತಂದು ಕಟ್ಟಿದ. ಹಾಯಿ ಅರ್ಧ ಏರಿತು, ಸಂತೆಯ ಹಗ್ಗ ರಾಟೆಯಲ್ಲಿ ಕಚ್ಚಿಕೊಂಡಿತು. ಆ ರಾಟೆಗೆ ಹೊಂದುವ ಹಗ್ಗ ನಮ್ಮ ಸೀಮೆಯ ಯಾವ ಅಂಗಡಿಯಲ್ಲೂ ಇಲ್ಲ. ಓಟಗಾತಿ ಕೆರೆಯ ನಡುವೆ ಮೂರು ಸುತ್ತು ಹಾಕಿ ಜೊಂಡಿಗೆ ಹೋಗಿ ನಿಂತಳು. ಏರಿಯ ಮೇಲೆ ನಿಂತಿದ್ದ ಮುನಿವೆಂಕಟಪ್ಪ, "ಬೈರಣ್ಣೋ, ಹಸ್ದೈತೆ ಕಣೋ, ಮೇಯಕ್ ಬಿಟ್ಬಿಡು!" ಎಂದು ಕೂಗಿದ. ಊರೇ ನಕ್ಕಿತು. ನಾನೂ ನಕ್ಕುಬಿಟ್ಟೆ. ಅದು ನನ್ನ ಎರಡನೆಯ ತಪ್ಪು.

ಅಂದಿನಿಂದ ಬೈರಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅರವತ್ತು ವರ್ಷದಲ್ಲಿ ನಾವು ಜಗಳವಾಡಿದ್ದು ಬೇಕಾದಷ್ಟಿದೆ, ಮಾತು ಬಿಟ್ಟದ್ದು ಇಲ್ಲ. ಜಗಲಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ನಡುವೆ ಅಮ್ಮಯಮ್ಮ ಎರಡು ಲೋಟ ಹಿಡಿದುಕೊಂಡು, ಯಾರಿಗೆ ಮೊದಲು ಕೊಟ್ಟರೆ ಯಾರು ಮುನಿಯುತ್ತಾರೋ ಎಂದು ನಿಂತಿರುತ್ತಾಳೆ. ಶಿವರಾತ್ರಿಯ ಹೊತ್ತಿಗೆ ಕೆರೆ ತಗ್ಗಿ ದೋಣಿಯ ಅಡಿ ಕೆಸರಿಗೆ ತಾಗುತ್ತದೆ. ಅಷ್ಟರೊಳಗೆ ಅವನು ಒಂದು ಸಲ ಗಾಳಿಯನ್ನು ಕೇಳಿಕೊಂಡು ಈ ದಡದಿಂದ ಆ ದಡಕ್ಕೆ ಹೋಗದಿದ್ದರೆ, ಈ ಜಗಲಿಯನ್ನು ನಾನು ದಾಟಲಾರೆ.

ಇದನ್ನೆಲ್ಲ ಫೋನಿನಲ್ಲಿ ಮೂರು ಸಲ ಅರಿಕೆ ಮಾಡಿಕೊಂಡಿದ್ದೇನೆ. ಮೂರು ಸಲವೂ ತಾವು ನನ್ನ ಮಂಡಿನೋವನ್ನು ಅಕ್ಕರೆಯಿಂದ ವಿಚಾರಿಸಿ, "ಅಲ್ಲ ಮಾರಾಯ್ರೆ, ಮನೆಗೆ ಬಂದ ಲಕ್ಷ್ಮಿಯನ್ನು ಹೇಗೆ ಕಳಿಸೋದು? ನೀವೇ ಹೇಳಿದ್ದಲ್ವಾ" ಎಂದು ನಕ್ಕಿರಿ. ಹಗ್ಗಗಳನ್ನು ನಡುಮನೆಯ ಗೋಡೆಗೆ ತೂಗುಹಾಕಿದ ಮೇಲೆ ತಮ್ಮ ತೆಂಗಿನ ಮರಗಳೂ ಹೆಚ್ಚು ಕಾಯಿ ಬಿಡುತ್ತಿವೆಯೆಂದು ಕೇಳಿ ಸಂತೋಷವಾಯಿತು. ನಾನು ಕಲಿಸಿದ ಪದ್ಧತಿಯನ್ನು ನನ್ನ ಸ್ವಂತ ತಮ್ಮನೇ ಇಷ್ಟು ನಿಷ್ಠೆಯಿಂದ ಪಾಲಿಸಿಲ್ಲ. ಆದ್ದರಿಂದ ನನ್ನ ಕೋರಿಕೆಗಳನ್ನು ದಯವಿಟ್ಟು ಪರಿಶೀಲಿಸುವುದು. ಲಕ್ಷ್ಮಿಯನ್ನು ತಮ್ಮಲ್ಲೇ ಕೂರಿಸಿಕೊಂಡು ಹಗ್ಗಗಳನ್ನು ಮಾತ್ರ ಹಿಂಬಾಗಿಲಿನಿಂದ ಕಳಿಸಿ. ಆಕೆ ಒಪ್ಪದೆ ಜೊತೆಗೇ ಬರುವುದಾದರೆ, ಮಾರನೆಯ ದಿನವೇ ಕಿಟಕಿಯ ಪಕ್ಕದ ಸೀಟು ಮಾಡಿಸಿ, ಮಡಿಲು ತುಂಬಿ, ಬಸ್ಸಿಗೆ ಹತ್ತಿಸಿ ಕಳಿಸಿಕೊಡುತ್ತೇವೆ. ಅದೂ ಆಗದಿದ್ದರೆ ನಮ್ಮ ಗೌರಿ ಹಸುವಿನ ಕೊರಳ ಹಗ್ಗವನ್ನೇ ಬದಲಿಗೆ ಒಪ್ಪಿಸಿಕೊಳ್ಳಿ. ಆಕೆ ಇದುವರೆಗೆ ಒಂದು ಹೊತ್ತೂ ಹಾಲು ತಪ್ಪಿಸಿದವಳಲ್ಲ.

ಇದು ಬಹಿರಂಗ ಪತ್ರವಾದ್ದರಿಂದ ಇದರ ಒಂದು ಪ್ರತಿಯನ್ನು ನಮ್ಮೂರ ಹಾಲಿನ ಡೇರಿಯ ಗೋಡೆಗೆ ಅಂಟಿಸಿದ್ದೇನೆ. ಬೈರಣ್ಣ ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದು ಸರಿಯಾಗಿ ಆ ಗೋಡೆಯ ಎದುರಿಗೇ ಎಂಬುದು ಕಾಕತಾಳೀಯ.

ಹಗ್ಗವಿಲ್ಲದೆಯೂ ತಮಗೆ ಕಟ್ಟುಬಿದ್ದಿರುವ,
ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕುವ ಮೊದಲು, ಇಂದು ಬೆಳಿಗ್ಗೆ ಡೇರಿಯ ಕಡೆ ಹೋಗಿದ್ದೆ. ಗೋಡೆಯ ಪ್ರತಿಯಲ್ಲಿ ಹಗ್ಗದ ಲೆಕ್ಕವಿದ್ದ ಸಾಲನ್ನು ಯಾರೋ ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ, "ಹತ್ತೊಂಬತ್ತಲ್ಲ, ಇಪ್ಪತ್ತೆರಡು. ಎಣ್ಸಕ್ಕೂ ಬರಲ್ವಾ ಅಣ್ಣ?" ಎಂದು ಬರೆದಿದ್ದಾರೆ. ಅಕ್ಷರ ಬೈರಣ್ಣನದು. ತಮ್ಮಲ್ಲಿ ನಾಚಿಕೊಂಡು ದೂರ ನಿಂತಿದ್ದಾಗಲೇ ಎಣಿಸಿಟ್ಟುಕೊಂಡಿದ್ದನೆಂದು ಕಾಣುತ್ತದೆ. ಆದಕಾರಣ, ಮೂರು ಹಗ್ಗವನ್ನು ನನ್ನ ಲೆಕ್ಕದಿಂದ ತಪ್ಪಿಸಿದ್ದಕ್ಕಾಗಿ ತಮ್ಮ ಕಾಫಿಗೆ ಮೊದಲು ನನ್ನ ಕೃತಜ್ಞತೆಗಳು. ಎರಡನೆಯದಾಗಿ, ಹಗ್ಗಗಳನ್ನು ಕಳಿಸುವ ಮನಸ್ಸು ಮಾಡಿದರೆ ಎಲ್ಲವನ್ನೂ ಒಟ್ಟಿಗೆ ಕಳಿಸಬೇಡಿ. ಒಂದೊಂದಾಗಿ ಕಳಿಸಿ. ಒಂದೊಂದನ್ನೂ ನಾನು ತಪ್ಪು ಜಾಗಕ್ಕೆ ಕಟ್ಟುವುದಿದೆ, ಅವನು ಬೈದು ಬಿಚ್ಚುವುದಿದೆ. ಶಿವರಾತ್ರಿಗೆ ಇನ್ನೂ ದಿನವಿದೆ.