ಟವಲಿನ ಕೆಳಗಿನ ಮಾತು

ನಮ್ಮ ದೊಡ್ಡಪ್ಪ ತಮ್ಮ ನೆರಳನ್ನೂ ನಂಬುತ್ತಿರಲಿಲ್ಲ ಎಂದು ಸಿಂಧನೂರಿನಲ್ಲಿ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ನೆರಳನ್ನು ಅವರು ನಂಬುತ್ತಿದ್ದರು, ಅದಕ್ಕೆ ಬಾಯಿಲ್ಲ ಎಂಬ ಒಂದೇ ಕಾರಣಕ್ಕೆ. ಬಾಯಿ, ಕಿವಿ, ತಂತಿ, ಈ ಮೂರರಲ್ಲಿ ಒಂದಾದರೂ ಇರುವ ಯಾವುದನ್ನೂ ಅವರು ನಂಬಿದ್ದನ್ನು ನಾನು ಕಂಡಿಲ್ಲ. ಕಂಡಿದ್ದೇನೆ ಎಂದುಕೊಂಡ ಒಂದೇ ಒಂದು ದಿನವಿದೆ. ಅದನ್ನು ಬರೆಯಲು ಕೂತಿದ್ದೇನೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದು ಮನೆತನದ ಗುಣವಿರಬೇಕು.

ದೊಡ್ಡಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಆ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಇಬ್ಬರು ಎದುರುಬದುರು ನಿಂತು, ಕೈ ಕೂಡಿಸಿ, ಮೇಲೆ ಟವಲು ಹಾಕಿಕೊಳ್ಳುತ್ತಾರೆ. ಒಳಗೆ ಬೆರಳು ಬೆರಳಿನ ಜತೆ ಮಾತಾಡುತ್ತದೆ. ಸುತ್ತ ನಿಂತವರಿಗೆಲ್ಲ ಟವಲು ಅಲುಗುವುದು ಕಾಣುತ್ತದೆ, ಮಾತು ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಈ ಪದ್ಧತಿ ಸಂತೆಯಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು ಊರೆಲ್ಲ ತಿರುಗುತ್ತಿದ್ದರು.

ಒಮ್ಮೆ ಹೊಟ್ಟೆನೋವೆಂದು ದವಾಖಾನೆಗೆ ಹೋದರು. ಡಾಕ್ಟರ ಪಕ್ಕದಲ್ಲಿ ಕಂಪೌಂಡರ್ ನಿಂತಿದ್ದ. ದೊಡ್ಡಪ್ಪ ಡಾಕ್ಟರ ಕೈ ಹಿಡಿದು ಮೇಲೆ ಟವಲು ಹಾಕಿದರಂತೆ.

“ಏನ್ರೀ ಇದು?”

“ನನ್ನ ಬ್ಯಾನಿ ರೀ. ಇವರ ಮುಂದ ಹೇಳೂದಲ್ಲ.”

“ಕೈ ಒತ್ತಿದ್ರ ನನಗ ಹೆಂಗ ತಿಳೀಬೇಕು?”

“ನಿಮಗ ತಿಳೀಲಿಲ್ಲಂದ್ರ ಚಿಂತಿಲ್ಲ ಬಿಡ್ರಿ. ಅವಂಗೂ ತಿಳದಿಲ್ಲಲ್ಲ.”

ಇಷ್ಟು ಸಂಶಯಕ್ಕೆ ಕಾರಣ ಬೇಡವೇ? ಇತ್ತು. ಎಂಬತ್ತರ ದಶಕದ ಕೊನೆಯ ಮಾತು. ಅವರ ಒಬ್ಬಳೇ ಮಗಳು ಗಿರಿಜಕ್ಕನಿಗೆ ಮೊದಲ ಸಂಬಂಧ ಬಂದಿತ್ತು. ಮಾತುಕತೆ ಮುಗಿಸಿ ಬರುವಾಗ ದೊಡ್ಡಪ್ಪ ಮಸ್ಕಿಯಲ್ಲಿ ಇಳಿದು, ನನ್ನ ಅಪ್ಪನಿಗೆ ಟ್ರಂಕ್ ಕಾಲ್ ಹಚ್ಚಿ, “ಹುಡುಗನ ಮ್ಯಾಲೆ ಜರಾ ಶಕ್ ಐತಿ, ಹಿಂದ ಮುಂದ ವಿಚಾರಿಸು” ಎಂದರು. ಅವರು ಸಿಂಧನೂರಿಗೆ ಬಂದು ಇಳಿಯುವುದರೊಳಗೆ ಆ ಮಾತು ಹುಡುಗನ ಮನೆ ಮುಟ್ಟಿ, ಸಂಬಂಧ ಮುರಿದುಹೋಗಿತ್ತು. ಹುಡುಗನಲ್ಲಿ ದೋಷವೇನೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಗಿರಿಜಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಇನ್ನು ಮದುವೆಯ ಮಾತು ತನ್ನ ಮುಂದೆ ಎತ್ತಬೇಡಿ ಎಂದಷ್ಟೇ ಹೇಳಿದಳು. ಹತ್ತು ವರ್ಷ ಯಾರೂ ಎತ್ತಲಿಲ್ಲ.

ನಡುವೆ ಕೂತ ಆಪರೇಟರ್ ಕದ್ದು ಕೇಳಿ ಹಬ್ಬಿಸಿದ ಎಂಬುದು ದೊಡ್ಡಪ್ಪನ ವಾದ. ಅವತ್ತು ಲೈನು ಸರಿಯಿಲ್ಲದೆ ಅವರು ಹಾಕಿದ ಕೂಗಿಗೆ ಮಸ್ಕಿ ಬಜಾರಿನಲ್ಲಿ ಕೂತವರು ಎದ್ದು ನಿಂತಿದ್ದರು ಎಂಬುದು ನನ್ನ ಅಪ್ಪನ ವಾದ. ಯಾವುದು ನಿಜ? ನಾನು ಅಲ್ಲಿರಲಿಲ್ಲ. ಆದರೂ ಆ ಕೂಗು ನನ್ನ ಕಿವಿಯಲ್ಲಿದೆ ಎಂದು ಅನ್ನಿಸುತ್ತದೆ. ನೆನಪನ್ನು ನಂಬಬಾರದು ಎನ್ನುವುದು ಇದಕ್ಕೇ.

ತೊಂಬತ್ತರ ದಶಕದ ಕೊನೆಗೆ ನಾನು ಗುಲಬರ್ಗಾದಲ್ಲಿ ಕಂಪ್ಯೂಟರ್ ಓದಿ ಬಂದು ಸಿಂಧನೂರಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸು ತೆರೆದೆ. ಗಿರಿಜಕ್ಕ ನನಗಿಂತ ಬೇಗ ಕಲಿತು ಲಿಂಗಸುಗೂರಿನಲ್ಲಿ ಅದರ ಇನ್ನೊಂದು ಶಾಖೆ ನಡೆಸತೊಡಗಿದಳು. ಪರೀಕ್ಷೆಯ ಪ್ರಶ್ನೆಗಳನ್ನು ಕಳಿಸಲೆಂದು ಎರಡೂ ಕಡೆ ಟೆಲಿಫೋನಿಗೆ ಮೋಡೆಮ್ ಎಂಬ ಡಬ್ಬಿ ಹಚ್ಚಿದ್ದೆವು. ಪ್ರಶ್ನೆ ದಾರಿಯಲ್ಲಿ ಸೋರಬಾರದೆಂದು ನಾನೊಂದು ಪ್ರೋಗ್ರಾಂ ಬರೆದೆ. ಅಲ್ಲಿ ಬರೆದ ಮಾತನ್ನು ಅದು ಒಂದು ಗುಪ್ತ ಪದದಿಂದ ಕಲಸಿ, ಗುರುತು ಸಿಗದಂತೆ ಮಾಡಿ ತಂತಿಗೆ ಬಿಡುತ್ತದೆ. ಇಲ್ಲಿ ಅದೇ ಪದವಿದ್ದವರು ಮಾತ್ರ ಬಿಚ್ಚಿ ಓದಬಹುದು.

ದೊಡ್ಡಪ್ಪ ಇದನ್ನು ಕೇಳಿ ಬಹಳ ಹೊತ್ತು ಡಬ್ಬಿಯನ್ನು ನೋಡಿದರು. “ಅಂದ್ರ ಇದು ತಂತಿಗೆ ಟವಲ್ ಹೊಚ್ಚತೈತಿ.”

ಅಷ್ಟು ಚೆನ್ನಾಗಿ ನಮ್ಮ ಪ್ರೊಫೆಸರರೂ ಹೇಳಿರಲಿಲ್ಲ ಎಂದು ನಾನು ಹಿಗ್ಗಿದೆ. ತಪ್ಪಾಯಿತು. ಮರುದಿನದಿಂದ ಮಗಳ ಜತೆ ಮಾತಾಡಲು ಅವರು ನನ್ನ ಕ್ಲಾಸಿನಲ್ಲೇ ಠಿಕಾಣಿ ಹೂಡಿದರು. ಗುಪ್ತ ಪದ ಅವರೇ ಆರಿಸಿದರು. ಅದನ್ನು ಫೋನಿನಲ್ಲಿ ಹೇಳುವ ಹಾಗಿಲ್ಲವೆಂದು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಮಗಳ ಕಿವಿಯಲ್ಲಿ ಹೇಳಿ ಬಂದರು. ಪ್ರೋಗ್ರಾಂ ಬರೆದ ನನಗೆ ಹೇಳಲಿಲ್ಲ.

“ನನಗ ಯಾಕ ಹೇಳಂಗಿಲ್ಲ ದೊಡ್ಡಪ್ಪಾ?”

“ನೀ ಬಡಗ್ಯಾ. ಬಾಗಿಲ ಮಾಡಿಕೊಟ್ಟಿ, ಭೇಷ್ ಆತು. ಕೀಲಿ ಯಾಕ ಬೇಕು?”

ಪದ ಒತ್ತುವಾಗ ನಾನು ನೋಡಬಾರದೆಂದು ಕೀಬೋರ್ಡಿನ ಮೇಲೆ ಟವಲು ಹಾಕಿ, ಅದರ ಕೆಳಗೆ ಕೈ ತೂರಿಸಿ ಒತ್ತಿದರು. ಅಕ್ಷರ ತಪ್ಪಿದವು. ಪದ ತಾಳೆಯಾಗುತ್ತಿಲ್ಲ ಎಂದು ಪ್ರೋಗ್ರಾಂ ಹೇಳಿತು.

“ನೋಡಿದ್ಯಾ? ಆ ಕಡೆ ಕುಂತಾಕಿ ಗಿರಿಜಾ ಅಲ್ಲ.”

ಅಷ್ಟರಲ್ಲಿ ಮೋಡೆಮ್ಮಿನ ಸಂಪರ್ಕ ಕಡಿದು, ಅದೇ ತಂತಿಯಲ್ಲಿ ಫೋನು ಬಂತು. ಗಿರಿಜಕ್ಕನೇ. “ತಮ್ಮಾ, ಅಪ್ಪಗ ಟವಲ್ ತಗದು ಒತ್ತಾಕ ಹೇಳೋ.”

ಹೇಳಿದೆ. ದೊಡ್ಡಪ್ಪನ ಮುಖ ಬಿಳಿಚಿತು. “ಟವಲಿನ ಸುದ್ದಿ ಲಿಂಗಸುಗೂರಿಗೆ ಹೆಂಗ ಮುಟ್ಟಿತು?”

ಪ್ರೋಗ್ರಾಂ ಓದುವ ರೀತಿಯ ಮೇಲಂತೂ ಅವರಿಗೆ ಇನ್ನಿಲ್ಲದ ಗುಮಾನಿ. ತಂತಿಯಲ್ಲಿ ಮಾತು ತುಂಡುತುಂಡಾಗಿ ಬರುತ್ತದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ “ಅಪ್ಪಾ ಊಟ” ಎಂದು ಬಂದು ನಿಂತರೆ, ಇವರು ಎದ್ದು ನಿಲ್ಲುವರು.

“ಯಾರೋ ನಡುವ ಹಿಡದಾರ.”

“ಯಾರೂ ಹಿಡದಿಲ್ಲ. ಓದೂದು ಅಂದ್ರ ಹಿಂಗ ದೊಡ್ಡಪ್ಪಾ. ಒಂದ ಸಲಕ್ಕ ಪೂರಾ ಬರಂಗಿಲ್ಲ. ಬಂದಷ್ಟು ತಗೊಂಡು ಮತ್ತ ಕೇಳಬೇಕು.”

“ಏನೂ ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಮುಗೀತು ಅಂತಲ್ಲ. ಮತ್ತ ಕೇಳಬೇಕು.”

“ಎಲ್ಲೀತನ?”

“ಕಡೀಕ ಒಂದು ಮುದ್ರಿ ಬರತೈತಿ, ‘ನನ್ನ ಮಾತು ಮುಗೀತು’ ಅಂತ. ಅದು ಬರೂತನ.”

“ಮುದ್ರಿ ಬರದ ತಂತಿ ಕಡದ್ರ?”

“ಆವಾಗ ಬಂದದ್ದು ಪೂರಾ ಅಂತ ನಂಬಬಾರದು.”

ದೊಡ್ಡಪ್ಪ ಮೊದಲ ಬಾರಿಗೆ ನನ್ನನ್ನು ಸ್ವಂತ ತಮ್ಮನ ಮಗನೆಂಬಂತೆ ನೋಡಿದರು. “ಸಂತ್ಯಾಗೂ ಹಂಗ. ಅಂಗೈ ಮ್ಯಾಲೆ ಬಡದು ಕೈ ಬಿಟ್ರ ಅದು ಮಾತು. ಕೈ ಜಾರಿದ್ರ ಮಾತಲ್ಲ.”

ಈಗ ಆ ಪ್ರೋಗ್ರಾಂ ನೆನೆದರೆ ನಗು ಬರುತ್ತದೆ. ಯಾರಾದರೂ ಮನಸ್ಸು ಮಾಡಿದ್ದರೆ ಒಂದು ಮಧ್ಯಾಹ್ನದಲ್ಲಿ ಒಡೆಯಬಹುದಿತ್ತು. ಯಾರೂ ಮನಸ್ಸು ಮಾಡಲಿಲ್ಲ. ಅಪ್ಪ ಮಗಳ ಊಟದ ಸುದ್ದಿ ಯಾರಿಗೆ ಬೇಕಾಗಿತ್ತು? ಆದರೆ ದೊಡ್ಡಪ್ಪನಿಗೆ ಹಾಗೆಂದಿದ್ದರೆ ಅವಮಾನವಾಗುತ್ತಿತ್ತು.

ಹೀಗಿರುವಾಗ ಮಸ್ಕಿಯಿಂದ ಗಿರಿಜಕ್ಕನಿಗೆ ಇನ್ನೊಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ. ಅವಳು ಅವನನ್ನು ಕಂಡು ಮಾತಾಡಿದ್ದಳು. ಹತ್ತು ವರ್ಷದಲ್ಲಿ ಮೊದಲ ಸಲ “ಬ್ಯಾಡ” ಅನ್ನದೆ “ವಿಚಾರ ಮಾಡಿ ಹೇಳ್ತೀನಿ” ಅಂದಿದ್ದಳು. ದೊಡ್ಡವ್ವ ದೇವರಿಗೆ ತುಪ್ಪದ ದೀಪ ಹಚ್ಚಿದರು. ದೊಡ್ಡಪ್ಪ ಊಟ ಬಿಟ್ಟರು. ಈ ಸಲ ಒಂದು ಮಾತು ಆಚೀಚೆಯಾದರೆ ಮಗಳಿಗೆ ಇನ್ನೊಂದು ಸಲ ಎಂಬುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಫೋನು ಬೇಡ, ಆಳು ಬೇಡ, ಉತ್ತರ ಪ್ರೋಗ್ರಾಂನಲ್ಲೇ ಬರಬೇಕು ಎಂದು ಕಟ್ಟಪ್ಪಣೆಯಾಯಿತು.

ಆ ಬೆಳಿಗ್ಗೆ ವಿದ್ಯಾರ್ಥಿಗಳನ್ನು ಹೊರಗೆ ಹಾಕಿ, ಕಿಟಕಿ ಮುಚ್ಚಿ, ದೊಡ್ಡಪ್ಪ, ದೊಡ್ಡವ್ವ, ನಾನು ಮೂವರೂ ಪರದೆಯ ಮುಂದೆ ಕೂತೆವು. ಅಕ್ಷರಗಳು ಬಂದವು. “ಅಪ್ಪಾ ಮಸ್ಕಿಯವರು”. ನಿಂತವು. ಮತ್ತೆ ಬಂದವು. “ನನಗ ಒಪ್ಪಿಗಿ ಆಗ್ಯಾರ.” ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರು. ಮೊದಲೇ ತಂದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಮೋಡೆಮ್ಮಿನ ದೀಪ ಆರಿತು. ತಂತಿ ಸತ್ತಿತ್ತು.

“ಸಕ್ರಿ ಕೆಳಗಿಡು,” ಎಂದರು ದೊಡ್ಡಪ್ಪ.

“ಯಾಕ್ರಿ? ಒಪ್ಪಿಗಿ ಅಂದಾಳಲ್ಲ.”

“ಮುದ್ರಿ ಬಂದಿಲ್ಲ. ಮುಂದ ‘ಆದ್ರ’ ಅಂತ ಇದ್ರ?”

“ಹೂಂ ಅಂದದ್ದೂ ನಂಬಂಗಿಲ್ಲಾ ನೀವು?”

“ಹಿಂದ ಒಮ್ಮೆ ಅರ್ಧಾ ಮಾತಿಗೆ ಅಕಿ ಹತ್ತು ವರ್ಷ ಹೋದ್ವು,” ಎಂದರು ದೊಡ್ಡಪ್ಪ, ಗೋಡೆಯ ಕಡೆ ನೋಡುತ್ತ. ಆ ಮಾತಿನಲ್ಲಿ ಆಪರೇಟರ್ ಇರಲಿಲ್ಲ. ನಾನು ಗಮನಿಸಿದೆ. ಅಥವಾ ಈಗ ಗಮನಿಸುತ್ತಿದ್ದೇನೋ.

ಫೋನು ಸತ್ತೇ ಇತ್ತು. ದೊಡ್ಡಪ್ಪ ನನ್ನನ್ನು ಕರೆದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದರು. ಮಸ್ಕಿ ನಿಲ್ದಾಣದಲ್ಲಿ ಬಸ್ಸು ನಿಂತು, ನಾವು ಕೆಳಗಿಳಿದಾಗ ಆಗಬಾರದ್ದು ಆಯಿತು. ಹುಡುಗನ ಅಣ್ಣ ಎದುರಿಗೇ ಸಿಕ್ಕ.

“ಎತ್ತ ಹೊಂಟೀರಿ ಯಜಮಾನ್ರ?”

“ಹೋರಿ ನೋಡಾಕ.”

“ಬರ್ರಿ, ಚಾ ಕುಡಿಯೋಣು.”

“ಚಾ ಬಿಟ್ಟೀನ್ರಿ.”

“ಯಾವಾಗಿಂದ?”

“ಈಗ,” ಎಂದು ಬಸ್ಸು ಹತ್ತಿಬಿಟ್ಟರು. ಅವನು ಪಾಪ ಕಿಟಕಿಯಿಂದ ಒಂದು ಮಿರ್ಚಿ ಭಜಿ ಪೊಟ್ಟಣ ಕೊಟ್ಟ. ದೊಡ್ಡಪ್ಪ ಅದನ್ನು ಬಿಚ್ಚಿ, ಕಾಗದದ ಎರಡೂ ಬದಿ ನೋಡಿ, ಏನೂ ಬರೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ನನಗೆ ತಿನ್ನಲು ಕೊಟ್ಟರು.

ಲಿಂಗಸುಗೂರಿನ ಕ್ಲಾಸು ತುಂಬಿತ್ತು. ಹುಡುಗಿಯರು ಕೀಲಿ ಕುಟ್ಟುತ್ತಿದ್ದರು, ಬಾಗಿಲಲ್ಲಿ ಮನೆಯ ಮಾಲಕರ ಹೆಂಡತಿ ನಿಂತು ನೋಡುತ್ತಿದ್ದರು. ಅಪ್ಪನನ್ನು ಕಂಡು ಗಿರಿಜಕ್ಕ ಎದ್ದು ಬಂದಳು. ದೊಡ್ಡಪ್ಪ ಸುತ್ತ ನೋಡಿದರು. ಒಂದೊಂದು ಮುಖಕ್ಕೂ ಎರಡೆರಡು ಕಿವಿ. ಬಲಗೈ ಮುಂದೆ ಚಾಚಿ ಮೇಲೆ ಟವಲು ಹಾಕಿದರು.

ಟವಲು ಕೆಂಪಗಿತ್ತೆಂದು ನನ್ನ ನೆನಪು, ಬಿಳಿಯದೆಂದು ಗಿರಿಜಕ್ಕ ಈಗಲೂ ಹೇಳುತ್ತಾಳೆ. ಚಿಕ್ಕವಳಿದ್ದಾಗ ಅವಳಿಗೆ ಆ ಬೆರಳಾಟ ಕಲಿಸಿದವರು ಅವರೇ. ಅವಳು ನಕ್ಕು, ಟವಲಿನ ಕೆಳಗೆ ಕೈ ಇಟ್ಟಳು. ಒಳಗೆ ಏನೋ ನಡೆಯಿತು. ನನಗೆ ಬಟ್ಟೆ ಅಲುಗಿದ್ದು ಮಾತ್ರ ಕಂಡಿತು. ದೊಡ್ಡಪ್ಪನ ಮೀಸೆ ಸಡಿಲವಾಯಿತು.

“ಇಷ್ಟು ಬಂದಿತ್ತು,” ಎಂದರು ಮೆಲ್ಲಗೆ. “ಮುಂದಿಂದು?”

“ಅದು ಬೆರಳಿನಾಗ ಬರಂಗಿಲ್ಲಪ್ಪಾ. ಬಾಯಿಲೆ ಹೇಳ್ತೀನಿ.” ಗಿರಿಜಕ್ಕ ಎಲ್ಲರಿಗೂ ಕೇಳುವ ಹಾಗೇ ಹೇಳಿದಳು. “ಈ ಸಲ ಹುಡುಗನ ಹಿಂದ ಮುಂದ ಊರಾಗ ವಿಚಾರಿಸಬ್ಯಾಡ. ಏನರ ಶಕ್ ಬಂದ್ರ ನನ್ನ ಕೇಳು. ನಾ ಹೇಳಿದ್ದು ನಂಬು. ಇಷ್ಟ.”

ಕೀಲಿ ಕುಟ್ಟುವ ಸದ್ದು ನಿಂತಿತ್ತು. ಮಾಲಕರ ಹೆಂಡತಿ ಒಂದು ಹೆಜ್ಜೆ ಒಳಗೆ ಬಂದಿದ್ದರು. ದೊಡ್ಡಪ್ಪ ಯಾರ ಕಡೆಗೂ ನೋಡಲಿಲ್ಲ.

“ನಂಬ್ತೀನಿ,” ಎಂದರು. ಅವರ ಬಾಯಿಂದ ಆ ಪದ ನಾನು ಕೇಳಿದ್ದು ಅದೇ ಮೊದಲು.

ಗಿರಿಜಕ್ಕ ಟವಲಿನೊಳಗೆ ಅಪ್ಪನ ಅಂಗೈ ಮೇಲೆ ಒಂದು ಏಟು ಹಾಕಿದಳು. ಸದ್ದು ನನಗೂ ಕೇಳಿತು. ಮುದ್ರೆ ಬಿದ್ದಿತ್ತು, ಮಾತು ಮುಗಿದಿತ್ತು. ಆದರೆ ಟವಲು ಸರಿಯಲಿಲ್ಲ.

“ಮುಗೀತಪ್ಪಾ. ಕೈ ಬಿಡು.”

“ತಡಿಯವ್ವಾ,” ಎಂದರು ದೊಡ್ಡಪ್ಪ, ಕಣ್ಣು ಟವಲಿನ ಮೇಲಿಟ್ಟು. “ಇನ್ನಾ ಏನರ ಬರೂದು ಇರಬಹುದು.”